ಹನ್ನೊಂದು ಮಕ್ಕಳು ಅಂದ್ರೆ ಮಕ್ಕಳಲ್ವಾ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಕಳೆದ ವಾರ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ಇತ್ತು. ಕೆ.ಆರ್.ಪೇಟೆ ತಾಲ್ಲೂಕಿನ ಊರು, ಹೆಸರು ಬೇಡ. ಒಂದರಿಂದ ಐದನೇ ಕ್ಲಾಸಿನವರೆಗೆ ಎಲ್ಲಾ ಸೇರಿ ಹನ್ನೊಂದು ಮಕ್ಕಳು. ನನ್ನ ಎರಡನೇ ಮಗಳೂ ಅದರಲ್ಲಿ ಒಬ್ಬಳು, ಮೂರನೇ ಕ್ಲಾಸು. ಮೇಷ್ಟ್ರು ಪಾಪ ತಲೆ ತಗ್ಗಿಸ್ಕೊಂಡೇ ಹೇಳಿದ್ರು: "ಮೇಲಿಂದ ಕೇಳ್ತಾವ್ರೆ, ದೊಡ್ಡ ಶಾಲೆಗೆ ಸೇರಿಸಬೋದಾ ಅಂತ." ಪಕ್ಕದಲ್ಲಿ ಕೂತಿದ್ದ ಊರಿನ ಯಜಮಾನರೊಬ್ಬರು, ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು, ತಟ್ಟನೆ ಅಂದ್ರು: "ಸೇರ್ಸಿ ಬುಡಿ ಮೇಷ್ಟ್ರೆ. ಈಗ ಮಕ್ಕಳೇ ಎಲ್ಲಿ ಹುಟ್ತಾವೆ? ಹನ್ನೊಂದು ಮಕ್ಕಳಿಗೆ ಒಂದು ಸ್ಕೂಲು ಯಾಕೆ?"

ಇದೇ ಯಜಮಾನರು ನಾಲ್ಕು ದಿನ ಮೊದಲು ಊರಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಕಳಿಸಿದ್ರು. ನಮ್ಮ ಜನಾಂಗದ ಸಂಖ್ಯೆ ಕುಸೀತಾ ಇದೆ, ಪ್ರತಿ ಮನೆಯಲ್ಲೂ ಮೂರು ಮಕ್ಕಳಾಗಲಿ, ಇಲ್ಲದಿದ್ರೆ ಮುಂದೆ ನಮ್ಮನ್ನ ಕೇಳೋರೇ ಇರಲ್ಲ ಅಂತ.

ಮನೆಗೆ ಮೂರು ಮಕ್ಕಳು ಬೇಕು ಅನ್ನೋ ಮನುಷ್ಯನಿಗೆ ಕಣ್ಣೆದುರು ಇರೋ ಹನ್ನೊಂದು ಮಕ್ಕಳು ಬೇಡ! ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾ? ಆ ಹನ್ನೊಂದೂ ನಮ್ಮ ಕೇರಿಯ ಮಕ್ಕಳು.

ಮೊದಲು ಲೆಕ್ಕ ನೋಡೋಣ. ಭಾವನೆ ಆಮೇಲೆ.

ಮಕ್ಕಳು ಕಡಿಮೆ ಆಗ್ತಿರೋದು ನಿಜ. 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಸುಮಾರು 71.8 ಲಕ್ಷ. 2011ರಲ್ಲಿ 71.6 ಲಕ್ಷ. ಅದೇ ಹತ್ತು ವರ್ಷದಲ್ಲಿ ರಾಜ್ಯದ ಒಟ್ಟು ಜನ 5.28 ಕೋಟಿಯಿಂದ 6.11 ಕೋಟಿಗೆ ಏರಿದ್ರು. ಅಂದ್ರೆ ಜನ ಎಂಬತ್ತು ಲಕ್ಷಕ್ಕೂ ಮೇಲೆ ಹೆಚ್ಚಾದ್ರು, ಮಕ್ಕಳು ಮಾತ್ರ ಇದ್ದಷ್ಟೇ ಇರದೆ ಕೊಂಚ ಕಡಿಮೆಯೇ ಆದ್ರು. ಇಡೀ ದೇಶದ ಕಥೆಯೂ ಹತ್ತಿರತ್ತಿರ ಹೀಗೇ. ಆರು ವರ್ಷದೊಳಗಿನ ಮಕ್ಕಳು 2001ರಲ್ಲಿ 16.38 ಕೋಟಿ, 2011ರಲ್ಲಿ 16.45 ಕೋಟಿ. ಜನಸಂಖ್ಯೆ ಹದಿನೆಂಟು ಕೋಟಿ ಬೆಳೆದಾಗಲೂ ಮಕ್ಕಳ ಸಂಖ್ಯೆ ನಿಂತಲ್ಲೇ ನಿಂತಿತ್ತು. ಒಬ್ಬ ಹೆಣ್ಣುಮಗಳು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನ ಹೆರುತ್ತಾಳೆ ಅನ್ನೋ ಲೆಕ್ಕದಲ್ಲಿ ಕರ್ನಾಟಕ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 1.7ಕ್ಕೆ ಬಂದಿತ್ತು. ಜನಸಂಖ್ಯೆ ಕುಗ್ಗದೆ ಉಳೀಬೇಕು ಅಂದ್ರೆ 2.1 ಬೇಕು ಅಂತಾರೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ. ಈಗ 2027 ಅಂತಿದ್ದಾರೆ. ಅಂದ್ರೆ ಯಾವ ಊರಲ್ಲಿ ಎಷ್ಟು ಮಕ್ಕಳು, ಯಾವ ಜಾತಿಯವರು ಅನ್ನೋ ಸರಿಯಾದ ಗಣತಿ ಕೈಯಲ್ಲಿಲ್ಲದೇ "ಮಕ್ಕಳಿಲ್ಲ" ಅಂತ ತೀರ್ಮಾನ ಕೊಡ್ತಾ ಇದ್ದಾರೆ. ಕಟ್ಟೆ ಮೇಲೆ ಕೂತ ಯಜಮಾನರೂ ಅಷ್ಟೆ, ಆಫೀಸಲ್ಲಿ ಕೂತ ಸಾಹೇಬರೂ ಅಷ್ಟೆ.

ಸರಿ, ಮಕ್ಕಳು ಕಡಿಮೆ ಆದ್ರು. ಕಡಿಮೆ ಮಾಡಿದ್ದು ಯಾರು? ಯಾರ ಮೈಮೇಲೆ ನಡೀತು ಈ ಕೆಲಸ?

ನಮ್ಮವ್ವ ಆರು ಹೆತ್ತಳು, ಮೂವರು ಉಳಿದ್ವಿ. ನಮ್ಮಕ್ಕನಿಗೆ ಎರಡು ಆದ ಮೇಲೆ ಆಪ್ರೇಷನ್. ಆಗ ಅವಳಿಗೆ ಇಪ್ಪತ್ಮೂರು ವರ್ಷ. ಕ್ಯಾಂಪಿನಲ್ಲಿ ಹೆಂಗಸರನ್ನ ಸಾಲಾಗಿ ನೆಲದ ಮೇಲೆ ಜಮಖಾನ ಹಾಸಿ ಮಲಗಿಸಿದ್ದನ್ನ ನಾನೇ ನೋಡಿದ್ದೀನಿ. ಹೊಲಿಗೆ ಮಾಯೋ ಮೊದಲೇ ನಾಟಿ ಕೆಲಸಕ್ಕೆ ಗದ್ದೆಗೆ ಇಳಿದಳು. ಇದು ನಮ್ಮಕ್ಕ ಒಬ್ಬಳ ಕಥೆ ಅಲ್ಲ, ನಿಮ್ಮ ಮನೆಯ ಕಥೆಯೂ ಹೌದು ಅಂತ ಗೊತ್ತು. ಅದೇ ಸಮೀಕ್ಷೆ ಹೇಳೋ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸ್ಕೊಂಡಿದ್ದಾರೆ. ಗಂಡಸರದ್ದು ಎಷ್ಟು ಗೊತ್ತಾ? ಸೊನ್ನೆ. ದಶಮಾಂಶ ಹಾಕಿದ್ರೂ 0.0.

ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಆಪರೇಷನ್ ಆದ್ವು. ಅದರಲ್ಲಿ ಹೆಚ್ಚಿನವು ಗಂಡಸರದ್ದು, ಅದರಲ್ಲೂ ಬಡ ಗಂಡಸರದ್ದು. ಗಂಡಸರು ರೊಚ್ಚಿಗೆದ್ರು, ಸರ್ಕಾರವೇ ಬಿತ್ತು. ಆಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಪೂರ್ತಿ ಭಾರ ಹೆಂಗಸರ ಹೊಟ್ಟೆ ಮೇಲೆ ಬಿತ್ತು. ಬೇರೆಯವರನ್ನ ಬೈಯೋ ಮೊದಲು ಹೇಳಿಬಿಡ್ತೀನಿ: ನಮ್ಮ ಮನೆಯಲ್ಲೂ ಆಪ್ರೇಷನ್ ಆಗಿದ್ದು ನನ್ನ ಹೆಂಡತಿಗೇ, ನನಗಲ್ಲ. ವೇದಿಕೆ ಮೇಲೆ ಸಮಾನತೆ ಅಂತ ಭಾಷಣ ಬಿಗಿಯೋ ನಾನು ಆ ದಿನ "ನಂಗೆ ಕೂಲಿ ತಪ್ತದೆ" ಅಂದಿದ್ದೆ.

ಹಾಗಂತ ಸಣ್ಣ ಸಂಸಾರ ತಪ್ಪು ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದ್ರು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಕೂಲಿ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ನಿಂತ್ರು. 1938ರ ನವೆಂಬರಿನಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಶಾಸಕ ಪಿ.ಜೆ. ರೋಹಂ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಕೊಡಿ ಅಂತ ನಿರ್ಣಯ ಮಂಡಿಸಿದ್ರು. ಸಭೆ ಅದನ್ನ ಸೋಲಿಸ್ತು. ನಮ್ಮ ಹಳೇ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋ ಆದೇಶ ಹೊರಡಿಸಿತ್ತು. ನಮ್ಮ ತಾಲ್ಲೂಕುಗಳೆಲ್ಲ ಆಗ ಅದೇ ಸಂಸ್ಥಾನದಲ್ಲಿದ್ವು. ಎಷ್ಟು ಹೆರಬೇಕು, ಯಾವಾಗ ಹೆರಬೇಕು ಅನ್ನೋದು ಹೆರುವವಳ ತೀರ್ಮಾನ. ಅದನ್ನ ಬಾಬಾಸಾಹೇಬರ ಅನುಯಾಯಿಗಳಾದ ನಾವು ಬಿಟ್ಟುಕೊಡೋ ಹಾಗಿಲ್ಲ.

ಬಿಟ್ಟುಕೊಡೋ ಹಾಗಿಲ್ಲ ಅಂತ ಈಗ ಒತ್ತಿ ಹೇಳೋಕೆ ಕಾರಣ ಇದೆ. ಗಾಳಿ ತಿರುಗಿದೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಮಾಡ್ಕೊಳ್ಳಿ ಅಂದ್ರು. ಅದೇ ತಿಂಗಳು ತಮಿಳುನಾಡಿನಲ್ಲಿ ಸ್ಟಾಲಿನ್ ಮದುವೆ ಮಂಟಪದಲ್ಲಿ ನಿಂತು ಹದಿನಾರು ಯಾಕಾಗಬಾರದು ಅಂತ ತಮಾಷೆ ಮಾಡಿದ್ರು. 2025ರ ಆಗಸ್ಟಿನಲ್ಲಿ ಆರೆಸ್ಸೆಸ್ಸಿನ ಮೋಹನ್ ಭಾಗವತರು ಮನೆಗೆ ಮೂರು ಮಕ್ಕಳಿರಲಿ ಅಂದ್ರು. ನಿನ್ನೆವರೆಗೆ "ನಾವಿಬ್ಬರು ನಮಗಿಬ್ಬರು" ಅಂತ ಗೋಡೆ ಮೇಲೆ ಬರೆಸಿದವರು ಇವತ್ತು ಹೆರಿ ಹೆರಿ ಅಂತಾರೆ. ಹೆಂಗಸರ ಗರ್ಭ ಏನು ಇವರ ಗದ್ದೆಯ ತೂಬಾ, ಬೇಕಾದಾಗ ತೆಗೆಯೋಕೆ, ಬೇಡವಾದಾಗ ಮುಚ್ಚೋಕೆ?

ಲೋಕಸಭೆ ಕ್ಷೇತ್ರ ಮರುವಿಂಗಡಣೆಯಲ್ಲಿ ದಕ್ಷಿಣಕ್ಕೆ ಅನ್ಯಾಯ ಆಗ್ತದೆ ಅನ್ನೋ ಭಯ ಸುಳ್ಳಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಸೀಟುಗಳ ಹಂಚಿಕೆಯನ್ನ ಹಿಡಿದು ನಿಲ್ಲಿಸಿದ್ದೇ ಈ ಕಾರಣಕ್ಕೆ. ಅದಕ್ಕೆ ಸಂಸತ್ತಿನಲ್ಲಿ ಹೋರಾಡಿ, ನಾವೂ ಜೊತೆಗಿರ್ತೀವಿ. ಅದು ಬಿಟ್ಟು ಹಟ್ಟಿ ಬಾಗಿಲಿಗೆ ಬಂದು ಇನ್ನೊಂದು ಹೆರು ಅಂದ್ರೆ ಯಾವ ಹೆಣ್ಣೂ ಕೇಳಲ್ಲ. ದಕ್ಷಿಣ ಕೊರಿಯಾ ಮಕ್ಕಳು ಹೆರಲಿ ಅಂತ ವರ್ಷಗಟ್ಟಲೆ ದುಡ್ಡು ಸುರಿದಿದೆ. 2023ರಲ್ಲಿ ಅಲ್ಲಿನ ಲೆಕ್ಕ 0.72. ಹೆಣ್ಣಿಗೆ ಬದುಕು ಹಗುರ ಮಾಡದೆ ಬರೀ ಕರೆ ಕೊಟ್ರೆ ಆಗೋದು ಇಷ್ಟೇ.

ಈಗ ನಮ್ಮ ಜಿಲ್ಲೆಯ ಹುಣ್ಣಿಗೆ ಬರ್ತೀನಿ.

2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ನಡೀತು. ಪತ್ರಿಕೆಗಳು ಬರೆದ ಹಾಗೆ ಇನ್ನೂರೈವತ್ತರಷ್ಟು ಹೆಣ್ಣುಮಕ್ಕಳು, ಗಂಡುಗಳ ಅರ್ಜಿ ಹನ್ನೊಂದು ಸಾವಿರಕ್ಕೂ ಮೇಲೆ. ಮೂರು ತಿಂಗಳಲ್ಲಿ, 2023ರ ಫೆಬ್ರವರಿಯಲ್ಲಿ, ಮದುವೆಯಾಗದ ರೈತ ಯುವಕರು ಹೆಣ್ಣು ಕರುಣಿಸಪ್ಪಾ ಅಂತ ಕೆ.ಎಂ. ದೊಡ್ಡಿಯಿಂದ ಮಲೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟ್ರು. ಟಿವಿಯವರು ನಕ್ಕು ನಕ್ಕು ತೋರಿಸಿದ್ರು. ನನಗೆ ನಗು ಬರಲಿಲ್ಲ. ಆ ಹುಡುಗರ ಸಂಕಟ ನಿಜ. ಬೇಸಾಯಕ್ಕೆ ಬೆಲೆ ಇಲ್ಲ, ಓದಿದ ಹೆಣ್ಣುಮಕ್ಕಳು ಬೆಂಗಳೂರು ಕಡೆ ನೋಡ್ತಾರೆ, ಅದೂ ನಿಜ. ಆದ್ರೆ ಇನ್ನೊಂದು ಕಾರಣ ಅದೇ ವರ್ಷ ಹೊರಗೆ ಬಿತ್ತು.

2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಜಾಲ ನೆನಪಿದೆ ತಾನೆ? ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಕೊಂಡು ಹೊಟ್ಟೆಯಲ್ಲಿರೋದು ಹೆಣ್ಣೋ ಗಂಡೋ ಅಂತ ಹೇಳ್ತಿದ್ರು. ಹೆಣ್ಣಾದ್ರೆ ಮೈಸೂರಿನಲ್ಲಿ ತೆಗೆಸ್ತಿದ್ರು. ಪೊಲೀಸರು ಆಗ ಹೇಳಿದ ಲೆಕ್ಕ ಸುಮಾರು ಒಂಬೈನೂರು. ಬೆಲ್ಲ ಕಾಯಿಸೋ ಜಾಗ ಅದು! 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಕೆಲಸ ಸಿಕ್ಕಿಬಿತ್ತು. ಲಿಂಗ ಪತ್ತೆ ನಿಷೇಧಿಸೋ ಕಾಯ್ದೆ 1994ರದ್ದು. ಮೂವತ್ತು ವರ್ಷ ಆದ ಮೇಲೆ ಸರ್ಕಾರಿ ಕ್ವಾರ್ಟರ್ಸ್ ಒಳಗೆ ಅದು ಮುರಿದು ಬಿದ್ದಿತ್ತು. ಕರ್ನಾಟಕದಲ್ಲಿ ಸಾವಿರ ಗಂಡುಮಕ್ಕಳಿಗೆ ಆರು ವರ್ಷದೊಳಗಿನ ಹೆಣ್ಣುಮಕ್ಕಳು 1991ರಲ್ಲಿ 960 ಇದ್ರು, 2001ರಲ್ಲಿ 946, 2011ರಲ್ಲಿ 948. ಆ ಕಾಣೆಯಾದ ಹೆಣ್ಣುಮಕ್ಕಳು ಯಾರ ಮನೆಯಲ್ಲಿ ಕಾಣೆಯಾದ್ರು? ಬೆಟ್ಟ ಹತ್ತಿದ್ರೆ ಮಾದಪ್ಪ ಎಲ್ಲಿಂದ ತಂದುಕೊಡ್ತಾನೆ?

ಇಲ್ಲಿ ಒಂದು ಎಚ್ಚರ. ಗರ್ಭಪಾತವೇ ಪಾಪ ಅಂತ ಯಾರೂ ಇದರ ಜೊತೆ ಕಲಸಬೇಡಿ. 1971ರಿಂದ ಕಾನೂನಿನ ಮಿತಿಯಲ್ಲಿ ಅದಕ್ಕೆ ಅವಕಾಶ ಇದೆ, ಬಡ ಹೆಂಗಸಿನ ಜೀವ ಉಳಿಸಿದ ಅವಕಾಶ ಅದು. ಅಪರಾಧ ಇರೋದು ಹೆಣ್ಣು ಅನ್ನೋ ಕಾರಣಕ್ಕೆ ತೆಗೆಸೋದರಲ್ಲಿ.

ಇನ್ನೊಂದು ಮಾತು. ಹೆಣ್ಣಿಲ್ಲ ಅಂತ ಅಳೋ ಇದೇ ಜಿಲ್ಲೆಯಲ್ಲಿ, ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ, ದಲಿತ ಹುಡುಗನನ್ನ ಪ್ರೀತಿಸಿದ ತಪ್ಪಿಗೆ ಹುಡುಗಿಯನ್ನ ಮನೆಯವರೇ ಕೊಂದ್ರು. ಹೊಟ್ಟೆಯಲ್ಲಿ ತಪ್ಪಿಸ್ಕೊಂಡು ಬಂದವಳನ್ನ ಜಾತಿ ಹುಡುಕಿ ಕೊಲ್ತದೆ. ಮಕ್ಕಳಿಲ್ಲ, ಹೆಣ್ಣಿಲ್ಲ ಅನ್ನೋ ಅಳಲೆಲ್ಲ "ನಮ್ಮ ಜಾತಿಯ" ಅನ್ನೋ ಪದ ಸೇರಿಸ್ಕೊಂಡೇ ಬರ್ತದೆ.

ನಮ್ಮವರು ಖುಷಿಯಾಗಿ ಲೈಕ್ ಒತ್ತೋ ಮೊದಲು ಇದನ್ನೂ ಓದಿ. ನನ್ನ ಹೆಂಡತಿ ಎರಡನೇ ಸಲ ಬಸುರಿಯಾದಾಗ ನಮ್ಮ ಕೇರಿಯವನೇ, ನೆಂಟನೇ, ಒಂದು ಫೋನ್ ನಂಬರ್ ಕೊಟ್ಟ. "ಮೊದಲನೇದು ಹೆಣ್ಣಲ್ವಾ, ಒಂದು ಸಲ ತೋರಿಸ್ಕೊಂಡು ಬಾ, ಯಾರಿಗೂ ಗೊತ್ತಾಗಲ್ಲ" ಅಂದ. ನಾನು ಕಪಾಳಕ್ಕೆ ಹೊಡೆದೆ ಅಂತ ಬರೆದ್ರೆ ಚೆನ್ನಾಗಿರ್ತಿತ್ತು. ಹೊಡೀಲಿಲ್ಲ. ನಂಬರ್ ಸೇವ್ ಮಾಡ್ಕೊಂಡೆ. ಮೂರು ದಿನ ಇಟ್ಕೊಂಡಿದ್ದೆ. ನಾಲ್ಕನೇ ದಿನ ನನ್ನ ಹೆಂಡತಿ ಫೋನ್ ನೋಡಿ ಕೇಳಿದಳು: "ಇದ್ಯಾರ ನಂಬ್ರ?" ಹೇಳಿದೆ. ಅವಳು ಕೂಗಾಡಲಿಲ್ಲ. ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ತೆಗೆದು ಮಡಿಲಲ್ಲಿ ಇಟ್ಕೊಂಡು ಕೂತಳು. "ಹೆಣ್ಣು ಅಂತ ಗೊತ್ತಾದ್ರೆ ಈ ಫೋಟೋನ ಎಲ್ಲಿ ಇಡ್ತೀರಿ ಹೇಳಿ" ಅಂದಳು.

ನಂಬರ್ ಅಳಿಸಿದೆ. ಹುಟ್ಟಿದ್ದು ಹೆಣ್ಣೇ. ಅವಳೇ ಈಗ ಆ ಹನ್ನೊಂದರಲ್ಲಿ ಒಬ್ಬಳು. ಈ ರೋಗ ಮೇಲ್ಜಾತಿಗೆ ಮಾತ್ರ ಬಂದಿದೆ ಅಂತ ನಾವು ಸುಳ್ಳು ಹೇಳಿಕೊಂಡ್ರೆ ಅದು ಕೇರಿಯೊಳಗೂ ಬಂದು ಕೂರ್ತದೆ, ಆಗಲೇ ಬಂದಿದೆ.

ಈಗ ಅವಳ ಶಾಲೆಗೆ ವಾಪಸ್ ಬರೋಣ.

ಶಾಲೆ ಖಾಲಿಯಾಗಿದ್ದು ಮಕ್ಕಳು ಹುಟ್ಟದೇ ಇರೋದ್ರಿಂದ ಮಾತ್ರ ಅಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ನಮ್ಮೂರಿಗೆ ಮೂರು ಹಳದಿ ವ್ಯಾನ್ ಬರ್ತವೆ. ಒಂದು ನಾಗಮಂಗಲ ಕಡೆ ಹೋಗ್ತದೆ, ಎರಡು ಕೆ.ಆರ್.ಪೇಟೆ ಕಡೆ. ಊರ ಬಾಗಿಲಲ್ಲಿ ನಿಂತು ಹಾರ್ನ್ ಹೊಡೀತವೆ, ಕೇರಿ ಕಡೆ ತಿರುಗಲ್ಲ. ಊರಿನ ಮಕ್ಕಳೆಲ್ಲ ಅದರಲ್ಲಿ ಹೋಗ್ತಾರೆ. ನಮ್ಮ ಮಕ್ಕಳು ನಡ್ಕೊಂಡು ಇಲ್ಲಿಗೆ ಬರ್ತಾರೆ. ಬಿಸಿಯೂಟ ಮಾಡೋಳು ನಮ್ಮ ಕೇರಿಯ ಹೆಂಗಸು ಅನ್ನೋದೂ ಕೆಲವರಿಗೆ ಶಾಲೆ ಬಿಡಿಸೋಕೆ ಕಾರಣವಾಗಿತ್ತು. ಬಾಯಿಬಿಟ್ಟು ಹೇಳಲ್ಲ, "ಇಂಗ್ಲಿಷ್ ಮೀಡಿಯಂ" ಅಂತಾರೆ. ಹೀಗೆ ಬಿಟ್ಟು ಹೋದವರನ್ನೂ ಹುಟ್ಟದೇ ಇದ್ದವರನ್ನೂ ಒಟ್ಟು ಕೂಡಿಸಿ ಇಲಾಖೆ ಅದಕ್ಕೊಂದು ಹೆಸರು ಕೊಟ್ಟಿದೆ: ಮಕ್ಕಳ ಕೊರತೆ!

ಹಾಗಾದ್ರೆ ನಮ್ಮ ಮಕ್ಕಳೂ ಆ ಖಾಸಗಿ ಶಾಲೆಗೆ ಹೋಗಲಿ ಅಂದ್ರೆ ಆ ಬಾಗಿಲೂ ಮುಚ್ಚಿದೆ. ಆರ್‌ಟಿಇ ಕಾಯ್ದೆಯಲ್ಲಿ ಖಾಸಗಿ ಶಾಲೆಯ ನೂರಕ್ಕೆ 25 ಸೀಟು ಬಡವರ, ದಲಿತರ ಮಕ್ಕಳಿಗೆ ಇತ್ತು. 2019-20ನೇ ಸಾಲಿನಿಂದ ಕರ್ನಾಟಕ ಸರ್ಕಾರ ನಿಯಮ ಬದಲಾಯಿಸ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಅವತ್ತು ಹೇಳಿದ್ದು: "ನಿಮ್ಮೂರಲ್ಲೇ ಸರ್ಕಾರಿ ಶಾಲೆ ಇದೆಯಲ್ಲ?" ಇವತ್ತು ಹೇಳ್ತಿರೋದು: "ನಿಮ್ಮೂರಿಗೆ ಸರ್ಕಾರಿ ಶಾಲೆ ಯಾಕೆ?" ನಮ್ಮ ಮಕ್ಕಳು ಹೋಗೋದಾದ್ರೂ ಎಲ್ಲಿಗೆ ಸ್ವಾಮಿ?

ಕೆಪಿಎಸ್ ಮಾಡ್ತೀವಿ, ಸುತ್ತಲಿನ ಮಕ್ಕಳನ್ನ ಒಂದೇ ದೊಡ್ಡ ಶಾಲೆಗೆ ಸೇರಿಸ್ತೀವಿ, ಬಸ್ ಕೊಡ್ತೀವಿ ಅಂತಾರೆ. "ಮುಚ್ಚಲ್ಲ, ವಿಲೀನ" ಅಂತಾರೆ. ದೊಡ್ಡ ಶಾಲೆ ಬೇಡ ಅಂತ ಯಾರಂದ್ರು? ಒಳ್ಳೇ ಕಟ್ಟಡ, ಕ್ಲಾಸಿಗೊಬ್ಬ ಮೇಷ್ಟ್ರು ಬೇಕೇಬೇಕು. ಆದ್ರೆ ಆರು ವರ್ಷದ ಮಗು ದಿನಾ ಐದಾರು ಕಿಲೋಮೀಟರ್ ಹೋಗಬೇಕು ಅಂದ್ರೆ ಮೊದಲು ಮನೆಯಲ್ಲಿ ಉಳಿಯೋಳು ಯಾರು? ಹೆಣ್ಣುಮಗು. ಬೆಳಗಾಗೋ ಮೊದಲು ಕೂಲಿಗೆ ಹೋಗೋ ತಾಯಿ ಯಾವ ಬಸ್ಸಿಗೆ ಕಾದು ನಿಲ್ತಾಳೆ? ಬಸ್ಸು ಎರಡು ವರ್ಷ ಬಂದು ಮೂರನೇ ವರ್ಷ ಡೀಸೆಲ್ ಇಲ್ಲ ಅಂತ ನಿಂತ್ರೆ? ಮುಚ್ಚಿದ ಶಾಲೆ ಮತ್ತೆ ತೆರೆದಿದ್ದನ್ನ ನೀವು ನೋಡಿದ್ದೀರಾ? ಐದನೇ ಕ್ಲಾಸಿನವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನೋದು ಆರ್‌ಟಿಇ ನಿಯಮ. ಅದು ಯಾರ ದಯೆಯೂ ಅಲ್ಲ.

ಮಕ್ಕಳು ಇಲ್ಲವೇ ಇಲ್ಲ ಅನ್ನೋರು ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿಗೆ ಒಂದು ಸಲ ಹೋಗಿ ಬನ್ನಿ. ಕಬ್ಬು ಕಡಿಯೋಕೆ ಬಂದವರ ಗುಡಿಸಲು, ಉತ್ತರದ ಕಡೆಯಿಂದ ಬಂದ ಕೂಲಿಯವರು ಕೆಲಸ ಮಾಡೋ ಆಲೆಮನೆ ನೋಡಿ. ಕಬ್ಬಿನ ಸಿಪ್ಪೆ ಮೇಲೆ ಆಡ್ತಾ ಕೂತಿರೋ ಮಕ್ಕಳು ಯಾವ ಹಾಜರಿ ಪುಸ್ತಕದಲ್ಲಿದ್ದಾರೆ? ಅವರನ್ನ ಯಾರಾದ್ರೂ ಎಣಿಸಿದ್ರಾ? ಒಂದು ಕಡೆ ಮಕ್ಕಳಿಲ್ಲದ ಶಾಲೆ, ಇನ್ನೊಂದು ಕಡೆ ಶಾಲೆಯಿಲ್ಲದ ಮಕ್ಕಳು. ನಡುವೆ ಎರಡು ಮೈಲಿ ದೂರ ಇಲ್ಲ.

ಮಕ್ಕಳು ಕಡಿಮೆಯಾದ್ರೆ ಏನಾಗಬೇಕಿತ್ತು ಹೇಳಿ? ನಾಲ್ಕು ರೊಟ್ಟಿಯನ್ನ ಎಂಟು ಜನ ಹಂಚಿಕೊಳ್ತಿದ್ದ ಮನೆಯಲ್ಲಿ ಈಗ ಐದೇ ಜನ ಇದ್ರೆ ಪ್ರತಿಯೊಬ್ಬರಿಗೂ ಹೆಚ್ಚು ಸಿಗಬೇಕು. ಸಿಕ್ತಾ? 2015-16ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 60.9 ಮಕ್ಕಳಿಗೆ ರಕ್ತಹೀನತೆ ಇತ್ತು. 2019-21ರಲ್ಲಿ ಅದು 65.5ಕ್ಕೆ ಏರಿದೆ. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ದೇಶದ ಮೊದಲ ಅಂಗನವಾಡಿ ಯೋಜನೆಗಳಲ್ಲಿ ಒಂದು 1975ರಲ್ಲಿ ಶುರುವಾಗಿದ್ದು ನಮ್ಮ ಪಕ್ಕದ ತಿ.ನರಸೀಪುರದಲ್ಲಿ. ಐವತ್ತು ವರ್ಷ ಆಯ್ತು. ಮಕ್ಕಳ ಸಂಖ್ಯೆ ಇಳೀತು, ಮಕ್ಕಳ ರಕ್ತವೂ ಇಳೀತು. ಉಳಿದ ರೊಟ್ಟಿ ಎಲ್ಲಿಗೆ ಹೋಯ್ತು? ಬರೋ ಜನಗಣತಿಯ ಲೆಕ್ಕ ಹಿಡ್ಕೊಂಡು ಕೇಳಬೇಕಾದ ಪ್ರಶ್ನೆ ಇದೇ.

ನಮ್ಮ ಬೇಡಿಕೆ ನಾಲ್ಕೇ:

1. ಯಾವ ಶಾಲೆಯನ್ನ ಸೇರಿಸಬೇಕು ಅಂತಿದ್ದೀರೋ ಅಲ್ಲಿನ ಮಕ್ಕಳ ಜಾತಿ, ಲಿಂಗ, ಮನೆಯಿಂದ ಹೊಸ ಶಾಲೆಗೆ ಇರೋ ದೂರ, ಎಲ್ಲವನ್ನೂ ಮೊದಲು ಪಂಚಾಯ್ತಿ ಬೋರ್ಡಿನಲ್ಲಿ ಹಾಕಿ. ಪೋಷಕರು, ಗ್ರಾಮಸಭೆ ಒಪ್ಪದೆ ಒಂದು ಬೆಂಚೂ ಕದಲಬಾರದು.

2. ಸರ್ಕಾರಿ ಶಾಲೆ ಉಳಿಸಿ, ಅಲ್ಲೇ ಎಲ್‌ಕೆಜಿ ಯುಕೆಜಿ ಶುರು ಮಾಡಿ. ಉಳಿಸಲ್ಲ ಅಂದ್ರೆ ಆರ್‌ಟಿಇ 25 ಸೀಟು ವಾಪಸ್ ಕೊಡಿ. ಎರಡನ್ನೂ ಕಿತ್ಕೊಳ್ಳೋಕೆ ಬಿಡಲ್ಲ.

3. ಕಬ್ಬಿನ ಗದ್ದೆ, ಆಲೆಮನೆಯ ಮಕ್ಕಳನ್ನ ಎಣಿಸಿ, ಹತ್ತಿರದ ಶಾಲೆಗೆ, ಅಂಗನವಾಡಿಗೆ ಸೇರಿಸಿ.

4. ಲಿಂಗ ಪತ್ತೆ ಪ್ರಕರಣಗಳಲ್ಲಿ ಜಾಮೀನು ತಗೊಂಡು ಬಂದವರು ಮತ್ತೆ ಅದೇ ದಂಧೆಗೆ ಇಳಿಯದ ಹಾಗೆ ನೋಡ್ಕೊಳ್ಳಿ. ವಿಚಾರಣೆ ಬೇಗ ಮುಗಿಸಿ.

ನಮ್ಮವರಿಗೆ ಒಂದು ಮಾತು. ಜನಗಣತಿಯವರು ಮನೆಗೆ ಬಂದಾಗ ಜಾತಿ ಮುಚ್ಚಿಡಬೇಡಿ. ತೊಟ್ಟಿಲಲ್ಲಿರೋ ಕೂಸನ್ನೂ ಬರೆಸಿ, ಹೆಣ್ಣುಕೂಸನ್ನ ಮರೀಬೇಡಿ. ಗಂಡಸರೇ, ಮುಂದಿನ ಸಲ ಆಪ್ರೇಷನ್ ಮಾತು ಬಂದಾಗ ನಾನು ಮಾಡಿದ ತಪ್ಪು ಮಾಡಬೇಡಿ, ನೀವು ಹೋಗಿ.

ಸಭೆ ದಿನ ಯಜಮಾನರಿಗೆ ನಾನೇನಂದೆ ಅಂತ ಕೇಳ್ತೀರಾ? ಕೋಪ ಬಂದಿತ್ತು, ಕೂಗಲಿಲ್ಲ. ಹಾಜರಿ ಪುಸ್ತಕ ಕೈಗೆ ತಗೊಂಡು ಹನ್ನೊಂದು ಹೆಸರನ್ನೂ ಜೋರಾಗಿ ಓದಿದೆ. ಒಳಗೆ ಕೂತಿದ್ದ ಮಕ್ಕಳು ಹಾಜರಿ ಕರೀತಿದ್ದಾರೆ ಅಂದ್ಕೊಂಡ್ರು. ಒಬ್ಬೊಬ್ಬರೇ ಎದ್ದು ನಿಂತು "ಎಸ್ ಸಾರ್" ಅಂದ್ರು. ಹನ್ನೊಂದು ಸಲ.

ಯಜಮಾನರು ಟವೆಲ್ ಕೊಡವಿ ಎದ್ದು ಹೋದ್ರು. ಮೇಷ್ಟ್ರು ವಿಲೀನಕ್ಕೆ ಒಪ್ಪಿಗೆ ಇಲ್ಲ ಅಂತ ನಡಾವಳಿ ಬರೆದ್ರು. ಎಂಟು ತಾಯಂದಿರು ಸಹಿ ಹಾಕಿದ್ರು, ಇಬ್ಬರು ಹೆಬ್ಬೆಟ್ಟು ಒತ್ತಿದ್ರು. ನಿಮ್ಮೂರ ಶಾಲೆಗೂ ಇಂಥ ಕಾಗದ ಬಂದಿದ್ರೆ ಕಮೆಂಟಿನಲ್ಲಿ ತಾಲ್ಲೂಕಿನ ಹೆಸರು ಹಾಕಿ. ಎಲ್ಲರೂ ಸೇರಿ ಬಿಇಒ ಆಫೀಸಿಗೆ ಹೋಗೋಣ. ಮಕ್ಕಳನ್ನೂ ಕರ್ಕೊಂಡು ಹೋಗೋಣ, ಸಾಹೇಬರು ಕಣ್ಣಾರೆ ಎಣಿಸಲಿ.

ಜೈಭೀಮ್.